ತಂಗಿಯ ಮೀನೆಣ್ಣೆ

ನೀವು ಎಂದಾದರೂ ನಿಮ್ಮ ತಂಗಿಯ ಹಣೆ ನೆಕ್ಕಿ ನೋಡಿದ್ದೀರಾ? ನಾನು ನೋಡಿದ್ದೇನೆ. ಪಲ್ಯ ಸಪ್ಪಗಾದರೆ ಅವಳ ಕೆನ್ನೆಗೆ ರೊಟ್ಟಿ ಒತ್ತಿ ತಿನ್ನಬಹುದಿತ್ತು, ಅಷ್ಟು ಉಪ್ಪು. ಬಿಸಿಲಲ್ಲಿ ಬೆವರು ಒಣಗಿದರೆ ಹಣೆಯ ಮೇಲೆ ಬೆಳ್ಳನೆ ಗೆರೆ ಮೂಡುತ್ತಿತ್ತು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಯಾದಗಿರಿ ಹತ್ತಿರ ಭೀಮಾ ಹೊಳೆಯ ದಂಡೆಯಲ್ಲಿ ನಮ್ಮ ಮನೆ. ಅಪ್ಪ ಮೀನು ಹಿಡಿಯುತ್ತಿದ್ದ. ನನಗೆ ಒಂಬತ್ತು, ತಂಗಿಗೆ ಐದು. ಅವಳು ನನಗಿಂತ ಎರಡು ರೊಟ್ಟಿ ಹೆಚ್ಚೇ ತಿನ್ನುತ್ತಿದ್ದಳು, ಒಂದೂ ಮೈಗೆ ಹತ್ತುತ್ತಿರಲಿಲ್ಲ. ತಿಂದ ಜಿಡ್ಡೆಲ್ಲ ಹಾಗೆಯೇ ಹೊರಗೆ ಹೋಗುತ್ತಿತ್ತು. ಕೆಮ್ಮು ಬೇರೆ. ಆ ವರ್ಷ ಸಂಜೆಯಾದರೆ ಕಣ್ಣೂ ಕಾಣದಾಯಿತು. ಒಮ್ಮೆ ನನ್ನನ್ನು ಹುಡುಕುತ್ತ ನೀರಿನ ಅಂಚಿನವರೆಗೆ ಹೋಗಿಬಿಟ್ಟಿದ್ದಳು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಹೊಳೆಯ ಪಾಲು.

ಮರುದಿನವೇ ಅವ್ವ ಅವಳನ್ನು ಹೊತ್ತುಕೊಂಡು ಯಾದಗಿರಿಯ ದವಾಖಾನೆಗೆ ಹೋಗಿ ಒಂದು ಸೀಸೆ ತಂದಳು. ಅಪ್ಪ ಬಿರಡೆ ತೆಗೆದು ಮೂಸಿದ.

“ಮನಿ ಮುಂದ ಹೊಳಿ ಅದ. ನನಗ ಸೀಸಾದಾಗ ಮೀನೆಣ್ಣಿ ಕೊಟ್ಟು ಕಳಿಸ್ಯಾರೇನು!”

“ನಿನಗಲ್ಲ, ಕೂಸಿಗಿ ಕೊಟ್ಟಾರ. ಸುಮ್ಕಿರು,” ಎಂದಳು ಅವ್ವ.

ನಮ್ಮ ಓಣಿಯಲ್ಲಿ ಬಡಕಲು ಕೂಸಿಗೆ ಯಾರಾದರೂ ಎಣ್ಣೆ ಕೊಟ್ಟರೆ ಅದನ್ನು ಮೈಗೆ ತಿಕ್ಕುವುದೇ ರೂಢಿ. ಅವ್ವ ಎಂಟು ದಿನ ತಂಗಿಯನ್ನು ಬಿಸಿಲಿಗೆ ಕೂರಿಸಿ ನೆತ್ತಿಯಿಂದ ಅಂಗಾಲಿನವರೆಗೆ ತಿಕ್ಕಿದಳು. ಕಣ್ಣು ಹೇಗಿತ್ತೋ ಹಾಗೇ ಇತ್ತು. ಓಣಿಯ ಬೆಕ್ಕುಗಳು ಮಾತ್ರ ಅವಳ ಹಿಂದೆಯೇ.

ಸೀಸೆ ಖಾಲಿಯಾದ ಮೇಲೆ ಇನ್ನೊಂದನ್ನು ತರಲು ಅವ್ವ, ತಂಗಿಯ ಜೊತೆ ನಾನೂ ದವಾಖಾನೆಗೆ ಹೋದೆ. ಔಷಧ ಕೊಡುವ ಕಂಪೌಂಡರ್ ಮೂಗು ಮುಚ್ಚಿಕೊಂಡ.

“ಏನವ್ವ, ಮೈಗಿ ಹಚ್ಚೀರೇನು ಇದನ್ನ?”

“ಹೌದ್ರಿ, ಒಂದು ದಿನಾನೂ ತಪ್ಪಿಸಿಲ್ರಿ.”

“ಹೊಟ್ಟಿಗಿ ಹಾಕೋದ್ರಿ ಇದು! ಊಟದಾಗ ಕೊಡ್ರಿ, ಜಿಡ್ಡಿನ ಜೋಡಿ. ಖಾಲಿ ಹೊಟ್ಟಿಗಿ ಬ್ಯಾಡ. ಈ ಕೂಸಿಗಿ ಭಾಳ ದಿನ ಹಾಕಬೇಕಾಗ್ತದ, ಬಿಡಬ್ಯಾಡ್ರಿ.”

ಇಂಥ ಮಕ್ಕಳಿಗೆ ಈಗ ವಿಟಮಿನ್ ಗುಳಿಗೆಗಳಿವೆ, ಜಿಡ್ಡು ಅರಗಿಸುವ ಗುಳಿಗೆಗಳೂ ಇವೆ, ರೋಗಕ್ಕೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹೆಸರಿದೆ ಎಂದು ಮೊಮ್ಮಗಳು ಹೇಳುತ್ತಾಳೆ. ತಂಗಿಗಿದ್ದದ್ದು ಅದೇನಾ ಎಂದು ಈಗ ಯಾರು ಹೇಳಬೇಕು? ಆಗ ಇದ್ದದ್ದು ಆ ಸೀಸೆ, ಮತ್ತೆ ನಾನು.

ಏಕೆಂದರೆ ಅವ್ವ ಕುಡಿಸಿದ ಮೊದಲ ಚಮಚವನ್ನು ತಂಗಿ ಅವ್ವನ ಸೀರೆಯ ಮೇಲೆಯೇ ಉಗುಳಿದಳು. ಎರಡನೆಯದನ್ನು ಅಪ್ಪನ ಮೇಲೆ. ನಾನು ಬಿಸಿ ರೊಟ್ಟಿ ಮುರಿದು, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ಉದುರಿಸಿ, ಎಣ್ಣೆ ಸುರಿದು ನಾದಿ ಉಂಡೆ ಕಟ್ಟಿದೆ. ಅವಳಿಗೆ ಕೊಡಲಿಲ್ಲ. ಎದುರಿಗೆ ಕುಳಿತು ಬಾಯಿ ಚಪ್ಪರಿಸಿದೆ.

“ನನಗೂ ಕೊಡಕ್ಕಾ.”

“ಹೋಗ, ಇದು ನನಗ ಮಾಡಿದ್ದು.”

ಕಸಿದುಕೊಂಡು ನುಂಗಿದಳು! ದಿನವೂ ಕಸಿದಳು, ದಿನವೂ ನಾನು ಸೋತೆ. ಅವ್ವ-ಅಪ್ಪನಿಂದ ಆಗದ್ದು ನನ್ನಿಂದಾಯಿತೆಂದು ಓಣಿಯಲ್ಲೆಲ್ಲ ಎದೆ ಉಬ್ಬಿಸಿಕೊಂಡು ತಿರುಗಿದೆ.

ಗುಣ ಕಾಣುತ್ತಿದೆಯೋ ಇಲ್ಲವೋ ಎಂದು ಪ್ರತಿ ಸಂಜೆ ನಾನೇ ಪರೀಕ್ಷೆ ಮಾಡುತ್ತಿದ್ದೆ. ಸದ್ದಿಲ್ಲದೆ ಅವಳೆದುರು ನಿಂತು ಮೆಳ್ಳಗಣ್ಣು ಮಾಡಿ, ನಾಲಿಗೆ ಚಾಚುತ್ತಿದ್ದೆ. ಅವಳು ಗೋಡೆ ತಡವುತ್ತ ಹಾದುಹೋಗುತ್ತಿದ್ದಳು. ನಾನು ನಾಲಿಗೆ ಒಳಗೆಳೆದುಕೊಂಡು, ಅವಳ ಕೈ ಹಿಡಿದು ಒಳಗೆ ಕರೆದೊಯ್ಯುತ್ತಿದ್ದೆ.

ಎರಡನೆಯ ಸೀಸೆಯ ತಳ ಕಾಣುವ ಹೊತ್ತಿಗೆ ಒಂದು ಸಂಜೆ ಹಾಗೆಯೇ ನಾಲಿಗೆ ಚಾಚಿದೆ. ಅವಳು ನಿಂತಳು. ತನ್ನ ನಾಲಿಗೆಯನ್ನೂ ಉದ್ದಕ್ಕೆ ಚಾಚಿದಳು.

“ಅವ್ವಾ, ಬಾ! ಇಕಿಗಿ ಕಣ್ಣ ಕಾಣಾಕತ್ತಾವ! ನಾ ಕೊಟ್ಟ ಎಣ್ಣಿಲಿಂದ ಬಂದಾವ ನೋಡು!” ಎಂದು ಕುಣಿದೆ.

ತಂಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಕಣ್ಣ ಬಂದೇನು ಚಂದ? ಇನ್ನ ದಿನಾ ಸಂಜಿಗಿ ನಿನ್ನ ಮಾರಿ ನೋಡಬೇಕಲ್ಲಕ್ಕಾ!”