ಚಿಗಳಿ ಗೂಡಿಗೆ ಕೈ ಹಾಕಿದ ದಿನ

ನಾನು ಲಂಗ ಉಡುತ್ತಿದ್ದ ಕಾಲಕ್ಕೆ ಗೋಣಿಬೀಡಿನ ಕಡೆ ತೋಟಗಳಲ್ಲಿ ಇನ್ನೂ ಬಿಳಿ ದೊರೆಗಳಿದ್ದರು. ನಮ್ಮಂಥ ಹುಡುಗಿಯರಿಗೆ ಕೂಲಿಯವರ ಲೈನ್ ಮನೆಯಲ್ಲಿ ಕೂತು ಕೂಸುಗಳ ಮೂಗು ಒರೆಸುವ ಕೆಲಸ. ನನಗೆ ಅದು ಸಾಕಾಗಿತ್ತು. ಒಂದು ಕುಯ್ಲಿನಲ್ಲಿ ಹಠ ಹಿಡಿದು, ಕಾಫಿ ಹಣ್ಣು ಕುಯ್ಯಲು ಚಿಕ್ಕಮ್ಮನ ಹಿಂದೆ ಹೊರಟೆ. ಮೇಸ್ತ್ರಿ ಬುಟ್ಟಿ ಕೊಟ್ಟು, "ಇದ್ರಲ್ಲಿ ಹಸ್ರುಕಾಯಿ ಕಂಡ್ರೆ ನಾಳೆಯಿಂದ ಮತ್ತೆ ಕೂಸು ಎತ್ಕಂಡಿರು" ಎಂದರು.

ಕುಯ್ಯುತ್ತಾ ಕುಯ್ಯುತ್ತಾ ಇದ್ದಕ್ಕಿದ್ದಂತೆ "ಎಲ್ಲಿದೀಯೇ?" ಎಂದು ಕೂಗುವುದು ಚಿಕ್ಕಮ್ಮನ ಅಭ್ಯಾಸ. ಕೈ ಎಲ್ಲಿದೆಯೋ ಅದನ್ನೇ ಹೇಳಬೇಕು. ಹಣ್ಣಿನ ಮೇಲಿದ್ದರೆ "ಹಣ್ಣಲ್ಲಿ", ರೆಂಬೆ ಬಗ್ಗಿಸುತ್ತಿದ್ದರೆ "ರೆಂಬೇಲಿ". ತಡವರಿಸಿದರೆ ಸಾಲಿನವರೆಲ್ಲ ನಗುವರು.

ಬೆಳಿಗ್ಗೆ ಇಬ್ಬನಿಗೆ ಬೆರಳು ಮರಗಟ್ಟಿದ್ದರೂ, ಹಣ್ಣಿನ ಸಿಹಿ ಸಿಪ್ಪೆ ಚೀಪುತ್ತಾ ಚೆನ್ನಾಗಿಯೇ ಕುಯ್ದೆ. ಬಿಸಿಲೇರಿದಂತೆ ಗಂಟಿನಲ್ಲಿದ್ದ ಅಕ್ಕಿರೊಟ್ಟಿ, ಸುಟ್ಟ ಒಣಮೀನಿನ ವಾಸನೆ ಬಂತು. ಕೈ ಗಿಡದಲ್ಲಿ, ನಾನು ರೊಟ್ಟಿಯಲ್ಲಿ.

"ಎಲ್ಲಿದೀಯೇ?"

"ಹಣ್ಣಲ್ಲಿ!" ಎಂದೆ, ನೋಡದೆ.

ಹಿಡಿದದ್ದು ಚಿಗಳಿ ಗೂಡು! ಎಲೆ ಸೇರಿಸಿ ಗೂಡು ಕಟ್ಟುವ ಆ ಕೆಂಪಿರುವೆಗಳು ಮೊಣಕೈವರೆಗೂ ಹತ್ತಿ ಕಚ್ಚಿದವು. ಕಿರುಚಿ ಕುಣಿದೆ.

"ಹಣ್ಣಂತೆ ಹಣ್ಣು! ಆ ಹಣ್ಣಿಗೆ ಕಾಲು ಬಂದಾವೆ ನೋಡೇ ಮಾರಾಯ್ತಿ!" ಎಂದು ಚಿಕ್ಕಮ್ಮ ಇರುವೆ ಕೊಡವಿದಳು. ಆಮೇಲೆ ನನ್ನ ಬುಟ್ಟಿ ನೋಡಿದರೆ, ಮೇಲೆಲ್ಲ ಹಸಿರುಕಾಯಿ.

"ಆರಿಸಿ ಕೊಡು ಚಿಕ್ಕಮ್ಮ" ಎಂದು ಅತ್ತೆ.

"ನಾನ್ಯಾಕೆ ಆರಿಸ್ಲಿ? ಕುಯ್ದಿದ್ದು ನಿನ್ ಕೈ. ಕೂತ್ಕಂಡು ಒಂದೊಂದೇ ನೋಡು."

ಎಲ್ಲರೂ ರೊಟ್ಟಿ ತಿನ್ನುವಾಗ ನಾನು ಕಾಯಿ ಆರಿಸಿದೆ. ಹಸಿರನ್ನೆಲ್ಲ ಚಿಕ್ಕಮ್ಮ ಬಯ್ಯುತ್ತಲೇ ಮೇಸ್ತ್ರಿಗೆ ಕಾಣದಂತೆ ತನ್ನ ಸೆರಗಿಗೆ ಹಾಕಿಕೊಂಡಳು. ಅಲ್ಲಿಂದ ಸಂಜೆಯವರೆಗೆ, ಇರುವೆ ಇದೆಯೇನೋ ಎಂಬ ಹೆದರಿಕೆಗೆ ಪ್ರತಿ ಹಣ್ಣನ್ನೂ ಕಣ್ಣಿಟ್ಟು ನೋಡಿ ಕುಯ್ದೆ. ಎರಡು ಹಣ್ಣು ಒಂದೇ ಕೆಂಪು ಇರುವುದಿಲ್ಲ ಎಂದು ಗೊತ್ತಾದದ್ದು ಅವತ್ತೇ. ರೊಟ್ಟಿ ನೆನಪಿಗೇ ಬರಲಿಲ್ಲ.

ಮೇಸ್ತ್ರಿ ಬುಟ್ಟಿಯನ್ನು ಗೋಣಿಯ ಮೇಲೆ ಸುರಿದು ಕೆದಕಿದರು. "ಅರ್ಧ ಬುಟ್ಟಿನೂ ಆಗಿಲ್ವಲ್ಲೇ! ಆದ್ರೂ ಎಲ್ಲ ಕೆಂಪು. ನಾಳೆನೂ ಬಾ."

ಚಿಕ್ಕಮ್ಮ ಆ ಗೂಡನ್ನೇ ಕಿತ್ತು ಮನೆಗೆ ತಂದಿದ್ದಳು; ಅಂದಿನ ಊಟಕ್ಕೆ ಚಿಗಳಿ ಚಟ್ನಿ. ಕಚ್ಚಿದವರನ್ನು ನಾನೇ ಕಲ್ಲಿನಲ್ಲಿ ಅರೆದೆ.

ಈಗ ಮೂಡಿಗೆರೆಯಲ್ಲಿ ಮನಸ್ಸನ್ನು ಒಂದೇ ಕಡೆ ನಿಲ್ಲಿಸುವುದನ್ನು ಕಲಿಸುತ್ತಾರೆ. ಮೊಮ್ಮಗಳು ಕರೆದುಕೊಂಡು ಹೋದಳು. ಚಾಪೆ ಮೇಲೆ ಕಣ್ಣು ಮುಚ್ಚಿಸಿ ಕೂರಿಸಿದರು; ನನಗೆ ಒಳ್ಳೆ ನಿದ್ದೆ ಬಂತು. ಔಷಧಿ ಹೊಡೆದು ಹೊಡೆದು ತೋಟದಲ್ಲಿ ಚಿಗಳಿ ಕಾಣುವುದಿಲ್ಲ. ಚಿಕ್ಕಮ್ಮ ಅದಕ್ಕೂ ಮೊದಲೇ ತೀರಿಹೋದಳು. ಕಚ್ಚಿ ಎಬ್ಬಿಸುವವರು ಈಗ ಯಾರೂ ಇಲ್ಲ.