ಮಖಮಲ್ ಸೀಟಿನ ಬಿಳಿ ಕೂದಲು

ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಗಂಡನ ಅಣ್ಣ ಕೊಲ್ಹಾಪುರದಿಂದ ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದರು. ನಾನು ಚಿಕ್ಕೋಡಿಯ ಆ ಮನೆಗೆ ಕಿರಿಸೊಸೆಯಾಗಿ ಬಂದು ಆಗ ಎರಡು ವರ್ಷ. ಕಾರು ಬಂದ ವಾರಕ್ಕೇ ಭಾವ ನಿಪ್ಪಾಣಿಗೆ ಹೋಗಿ ಸೀಟುಗಳಿಗೆ ಕಡುಗೆಂಪು ಮಖಮಲ್ ಕವರು ಹೊಲಿಸಿದರು. ಅದರ ಬೆನ್ನಿಗೇ ಒಂದು ಬಿಳಿ ಪಾಮೇರಿಯನ್ ನಾಯಿ ತಂದರು. ಕೆಂಪು ಮಖಮಲ್ಲಿನ ಮೇಲೆ ಉದ್ದ ಕೂದಲಿನ ಬಿಳಿ ನಾಯಿ ಕೂತರೆ ಏನಾಗುತ್ತದೆಂದು ಕಣ್ಣಿದ್ದವರಿಗೆಲ್ಲ ಹೊಳೆಯಬೇಕು. ಭಾವನಿಗೆ ಹೊಳೆಯಲಿಲ್ಲ.

ಅವರಿಗೆ ಹೊಳೆಯದ ಸಂಗತಿಗಳು ಬಹಳ ಇದ್ದವು. ಸದಲಗಾ ಕಡೆಯ ಕಬ್ಬಿನ ಹೊಲಕ್ಕೆ ವರ್ಷಕ್ಕೆರಡು ಸಲ ಹೋಗಿ, ರಸ್ತೆಯಲ್ಲೇ ಕಾರು ನಿಲ್ಲಿಸಿ, ಗಾಜು ಇಳಿಸಿ ನೋಡಿ ಬರುವುದನ್ನು ಒಕ್ಕಲುತನ ಅನ್ನುತ್ತಿದ್ದರು. ಹೊಲದಲ್ಲಿ ದುಡಿಯುತ್ತಿದ್ದವರು ನನ್ನ ಗಂಡ. ಹೋಗುವಾಗಲೂ ಬರುವಾಗಲೂ ನಾಯಿ ಮುಂದಿನ ಸೀಟಿನಲ್ಲಿ, ಭಾವನ ಪಕ್ಕದಲ್ಲಿ ಕೂತಿರುತ್ತಿತ್ತು.

ಕೂದಲು ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ನೆಗೆಣ್ಣಿಗೆ, ಅಂದರೆ ಭಾವನ ಹೆಂಡತಿಗೆ, ಬಗ್ಗಿದರೆ ಸೊಂಟ ಹಿಡಿಯುತ್ತಿತ್ತಂತೆ. ಕಸಬರಿಗೆಯಿಂದ ಉಡುಗಿದರೆ ಕೂದಲು ಮಖಮಲ್ಲಿನೊಳಗೆ ಇನ್ನಷ್ಟು ಹೊಕ್ಕಿತು. ಒದ್ದೆ ಬಟ್ಟೆಯಿಂದ ಒರೆಸಿದರೆ ಗಂಟುಗಂಟಾಗಿ ಅಲ್ಲೇ ಕೂತಿತು. ಕೊನೆಗೆ ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ನೀರಲ್ಲಿ ಅದ್ದಿ, ಒಂದೇ ದಿಕ್ಕಿಗೆ ಎಳೆದು ನೋಡಿದೆ. ಕೂದಲು ಬತ್ತಿ ಹೊಸೆದ ಹಾಗೆ ಸುರುಳಿಯಾಗಿ ಎದ್ದು ಬಂತು. ಅಂದಿನಿಂದ ವಾರಕ್ಕೆರಡು ದಿನ ಸೆರಗು ಸಿಗಿಸಿ, ಕಾರಿನೊಳಗೆ ಮಂಡಿಯೂರಿ ಅದೇ ಕೆಲಸ. ಒಂದು ದಿನ ಪಡಸಾಲೆಯಲ್ಲಿ ಭಾವ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. "ಅದಕ್ಕೊಂದು ಟೆಕ್ನಿಕ್ ಐತ್ರಿ. ಟ್ಯೂಬಿನ ತುಂಡ ತೊಯಿಸಿ ಎಳೀಬೇಕು. ನಾನ ಕಂಡ ಹಿಡದೀನಿ." ಒಂದು ದಿನವೂ ಆ ಸೀಟಿಗೆ ಕೈ ಹಚ್ಚದ ಮನುಷ್ಯ.

ಅತ್ತೆಗೆ ದಮ್ಮಿತ್ತು. ಆ ವರ್ಷ ಯಡೂರಿನ ವೀರಭದ್ರ ದೇವರಿಗೆ ಹೋಗಬೇಕೆಂದು ಒಂದೇ ಸಮ ಕೇಳಿದ್ದಕ್ಕೆ ಭಾವ ಕಾರು ತೆಗೆದರು. ಬಾಗಿಲು ತೆರೆದು, "ಅವ್ವಾ, ಕಾಲ ಒರಸ್ಕೊಂಡ ಹತ್ತು. ಮಖಮಲ್ ಹೊಲಸಾಕ್ಕೈತಿ" ಅಂದರು. ಆಗಲೇ ಮುಂದಿನ ಸೀಟು ಹಿಡಿದಿದ್ದ ನಾಯಿಯ ಕಾಲಿಗೆ ಅಂಗಳದ ರಾಡಿ ಮೆತ್ತಿಕೊಂಡಿತ್ತು. ಅತ್ತೆ ಸೆರಗಿನಿಂದ ಕಾಲು ಒರೆಸಿಕೊಂಡು ನನ್ನ ಜೊತೆ ಹಿಂದೆ ಕೂತರು.

ಊರು ದಾಟಿದ ಮೇಲೆ ಕೆಮ್ಮು ಶುರುವಾಯಿತು. ಗಾಳಿ ಹೊಕ್ಕಂತೆಲ್ಲ ಕೂದಲು ಎದ್ದು ಅತ್ತೆಯ ಮುಖಕ್ಕೇ ಬರುತ್ತಿತ್ತು. ಭಾವನ ಎದುರು ನಾನು ಮಾತಾಡಿದವಳಲ್ಲ. ಅವತ್ತು ಮಾತಾಡಿದೆ.

"ಅತ್ತಿನ್ನ ಮುಂದ ಕುಂಡ್ರಸ್ರಿ. ನಾಯಿ ನಾ ಹಿಡ್ಕೊಂತೀನಿ."

ಅವರು ಕನ್ನಡಿಯಲ್ಲೇ ನನ್ನನ್ನು ನೋಡಿದರು. "ಹಿಂದ ಕುಂತ್ರ ಅದಕ್ಕ ವಾಂತಿ ಆಕ್ಕೈತಿ. ಅವ್ವಗ ಇದೇನ ಹೊಸಾದಲ್ಲ, ಮನ್ಯಾಗೂ ಕೆಮ್ಮತಾಳ."

ಅಂಕಲಿಯ ಹತ್ತಿರ ಬರುವಷ್ಟರಲ್ಲಿ ಅತ್ತೆಗೆ ಉಸಿರು ಸಾಲುತ್ತಿರಲಿಲ್ಲ. ಆದರೂ ದನಿ ಗಟ್ಟಿಯಾಗೇ ಇತ್ತು. "ಗಾಡಿ ನಿಂದರಸು."

ನಿಲ್ಲಿಸಿದರು. ಅತ್ತೆ ಇಳಿದು ನನ್ನ ಕೈ ಹಿಡಿದರು. "ನಡೀ ಯವ್ವಾ, ಬಸ್ಸಿಗೆ ಹೋಗೂಣು."

"ಹಿಂಗ ನಡು ಹಾದ್ಯಾಗ ಇಳದ್ರ ಮಂದಿ ಏನಂತಾರ ಅವ್ವಾ?" ಅಂದರು ಭಾವ.

"ಮಂದಿ ನಿನ್ನ ನಾಯಿ ನೋಡ್ತಾರ. ನನ್ನ ಯಾರ ನೋಡ್ತಾರ?"

ಬಸ್ಸಿನಲ್ಲಿ ಯಾರೋ ಒಬ್ಬ ಹುಡುಗಿ ಎದ್ದು ಅತ್ತೆಗೆ ಜಾಗ ಕೊಟ್ಟಳು. ಯಡೂರಿನಲ್ಲಿ ಹೊಳೆದಂಡೆಗೆ ಕೂತು ಅತ್ತೆ ಬಹಳ ಹೊತ್ತು ಉಸಿರು ಎಳೆದುಕೊಂಡರು. ಭಾವ ಅಲ್ಲಿಗೆ ಬರಲೇ ಇಲ್ಲ, ಅಂಕಲಿಯಿಂದಲೇ ಹಿಂದಿರುಗಿದ್ದರು.

ಮರುದಿನದಿಂದ ನಾನು ಕಾರಿನೊಳಗೆ ಕಾಲಿಡಲಿಲ್ಲ. ಜಗಳವನ್ನೇನೂ ಮಾಡಲಿಲ್ಲ, ಬಿಟ್ಟುಬಿಟ್ಟೆ ಅಷ್ಟೇ. ಭಾವ ನನ್ನ ಗಂಡನ ಹತ್ತಿರ ದೂರಿದರು. "ಟೆಕ್ನಿಕ್ ನಿನಗ ಗೊತ್ತೈತೆಲ್ಲೋ ಅಣ್ಣಾ" ಎಂದು ಇವರು ಎತ್ತು ಹೊಡೆದುಕೊಂಡು ಹೊಲಕ್ಕೆ ಹೋದರು. ಆ ಮನೆಯಲ್ಲಿ ನನ್ನ ಗಂಡ ನನ್ನ ಪರವಾಗಿ ಆಡಿದ ಮೊದಲ ಮಾತು ಅದು.

ಮಳೆಗಾಲ ಮುಗಿದ ಮೇಲೆ ಭಾವ ಮಗಳ ಸಂಬಂಧ ನೋಡಲು ಅಥಣಿಗೆ ಹೋದರು. ದ್ರಾಕ್ಷಿ ತೋಟದ ದೊಡ್ಡ ಮನೆತನ. ಹೊಸದಾಗಿ ಹೊಲಿಸಿದ ಕಪ್ಪು ಸಫಾರಿ ತೊಟ್ಟಿದ್ದರು. ಇಳಿದು ಪಡಸಾಲೆಗೆ ನಡೆದಾಗ ಬೆನ್ನು, ಕುಂಡೆ, ತೊಡೆ ಎಲ್ಲ ಬೆಳ್ಳಗಾಗಿತ್ತಂತೆ. ಹುಡುಗನ ಅಜ್ಜ ಎದ್ದು ಕೈ ಮುಗಿದು, ನಿಜವಾಗಿಯೇ ತಿಳಿಯದೆ ಕೇಳಿದರಂತೆ: "ಕುರಿ ಬಾಳ ಸಾಕೀರೇನ್ರಿ?" ಒಳಗಿನ ಹೆಂಗಸರು ನಕ್ಕಿದ್ದು ಹೊರಗಿನವರೆಗೂ ಕೇಳಿಸಿತಂತೆ. ಇದನ್ನೆಲ್ಲ ಹೇಳಿದವಳು ಜೊತೆಗೆ ಹೋಗಿದ್ದ ನನ್ನ ನೆಗೆಣ್ಣಿ. ಹೇಳುವಾಗ ಅವಳಿಗೂ ನಗು ತಡೆಯಲಾಗಲಿಲ್ಲ. ಸಂಬಂಧವೇನೂ ಮುರಿಯಲಿಲ್ಲ. ಆದರೆ ಬೀಗರು ಮದುವೆಯವರೆಗೂ ಅವರನ್ನು ಕುರಿಯವರು ಎಂದೇ ಕರೆದರು.

ಭಾವ ಮಖಮಲ್ ಕಿತ್ತು ರೆಕ್ಸಿನ್ ಹಾಕಿಸಿದರು. ನಾಯಿಯನ್ನು ಕೊಟ್ಟಿಗೆಯಲ್ಲಿ ಎಮ್ಮೆಗಳ ಪಕ್ಕ ಕಟ್ಟಿದರು, ಆಮೇಲೆ ತಿರುಗಿಯೂ ನೋಡಲಿಲ್ಲ. ಅದರಲ್ಲಿ ನಾಯಿಯ ತಪ್ಪೇನಿತ್ತು? ಕತ್ತರಿ ತಗೊಂಡು ಅದರ ಜಡೆಗಟ್ಟಿದ ಕೂದಲು ಕತ್ತರಿಸಿದವಳು ನಾನೇ. ಮುಂದೆ ಯಾರಾದರೂ ನಾಯಿಯ ಸುದ್ದಿ ಎತ್ತಿದರೆ ಭಾವ, "ಮನಿಯೊಳಗ ನಾಯಿ ಇಟ್ಕೊಳ್ಳೂದು ಮನಿತನಸ್ಥರಿಗೆ ಶೋಭಾ ಅಲ್ರಿ" ಅನ್ನುತ್ತಿದ್ದರು. ನಾನು ಚಹಾದ ಕಪ್ಪು ಅವರ ಮುಂದಿಟ್ಟು ಒಳಗೆ ಹೋಗುತ್ತಿದ್ದೆ.