ನಡುವಿನ ಸ್ಪೀಕರಿಗೆ ವೈರೇ ಹಾಕಿರಲಿಲ್ಲ

ಇಂಥ ಕಥೆ ಹೇಳಲು ಬಂದವರನ್ನು ಬೈದು ಕಳಿಸಿದವನು ನಾನು. ಗಾಜಿಪುರದ ಅಂಗಡಿಯಲ್ಲಿ ಆಂಪ್ಲಿಫೈಯರ್ ಕಟ್ಟುತ್ತಲೇ ತಲೆ ಬೆಳ್ಳಗಾಗಿದೆ. ವೈರು ಮುಟ್ಟಿದರೆ ಸದ್ದು, ಬಿಟ್ಟರೆ ಇಲ್ಲ ಅನ್ನುತ್ತಿದ್ದೆ. ಈಗಲೂ ಅನ್ನುತ್ತೇನೆ. ಆದರೆ ಕಮಲಾಪುರದಲ್ಲಿ ಕೇಳಿದ್ದನ್ನು ಕೇಳಿಲ್ಲ ಅನ್ನಲು ತಯಾರಿಲ್ಲ, ಯಾರು ಏನೇ ಅಂದುಕೊಳ್ಳಲಿ.

ಕಮಲಾಪುರದ ಗೆಳೆಯ ಗುರುಪಾದ ತೀರಿಕೊಂಡು ವರ್ಷವಾಗಿತ್ತು. ಒಳ್ಳೆಯ ಭಜನೆ ಹಾಡುಗಾರ. ಮನೆಯಲ್ಲೇ ಕೂತು ಹಾಡಿ ತುಂಬಿಕೊಂಡ ಒಂದು ಕ್ಯಾಸೆಟ್ ಉಳಿದಿತ್ತು. "ಮೊಬೈಲಿನ್ಯಾಗ ಹಾಕಿ ಕೊಟ್ಟಾರ್ರಿ. ಅದು ಅವರ ದನಿನೇ ಅಲ್ಲ. ನೀವ ಏನರೆ ಮಾಡ್ರಿ," ಎಂದು ಅವನ ಹೆಂಡತಿ ಶಾಂತಾ ವೈನಿ ಫೋನಿನಲ್ಲಿ ಅತ್ತರು. ಒಳ್ಳೆಯ ಸ್ಪೀಕರ್ ಕಟ್ಟಿಕೊಡುತ್ತೇನೆಂದು ಅವನಿಗೆ ಎಷ್ಟೋ ಸಲ ಹೇಳಿ, ಎಷ್ಟೋ ಸಲ ಮುಂದೂಡಿದ್ದೆ. ನನಗೇ ನಾಚಿಕೆಯಾಯಿತು.

ಪೆಟ್ಟಿಗೆಗಳನ್ನು ಕಟ್ಟಿಕೊಂಡು ಹೋದೆ. ಒಂದೊಂದರಲ್ಲೂ ಮೂರು ಸ್ಪೀಕರ್: ಕೆಳಗೆ ದಪ್ಪ ಸದ್ದಿನ ಬಾಸ್, ನಡುವೆ ಮನುಷ್ಯರ ದನಿಗೆ ಬೇರೆಯದು, ಮೇಲೆ ತೆಳು ಸದ್ದಿಗೆ ಸಣ್ಣ ಟ್ವೀಟರ್. ಆಕ್ಟಿವ್ ಕ್ರಾಸೋವರ್ ಅನ್ನುವ ಸರ್ಕ್ಯೂಟು ಹಾಡನ್ನು ಮೊದಲೇ ಮೂರು ಪಾಲು ಮಾಡಿ ಮೂರು ಆಂಪ್ಲಿಫೈಯರಿಗೆ ಕೊಡುತ್ತದೆ. ವೈರು ಅದಲುಬದಲಾಯಿತೋ, ಟ್ವೀಟರ್ ಸುಟ್ಟುಹೋಯಿತು ಅಂತಲೇ ಲೆಕ್ಕ. ಒಮ್ಮೆ ಹಾಗೆ ಸುಟ್ಟುಕೊಂಡ ಮೇಲೆ ನಾನು ಮೊದಲು ಬಾಸ್ ಒಂದನ್ನೇ ಜೋಡಿಸುವುದು. ಬರೀ ಗುಂ ಗುಂ ಅಂದರೆ ಸರಿ ಇದೆ ಎಂದರ್ಥ, ಉಳಿದದ್ದು ಆಮೇಲೆ.

ಆ ಮಧ್ಯಾಹ್ನವೂ ಹಾಗೇ ಮಾಡಿ ಕ್ಯಾಸೆಟ್ ಹಾಕಿದೆ. ಉಳಿದ ವೈರುಗಳ ತುದಿಗಳು ನನ್ನ ಎಡಗೈಯಲ್ಲಿದ್ದವು. ಮೊದಲು ಗುಂ ಗುಂ ಅಂದಿತು. ಸ್ವಲ್ಪ ಹೊತ್ತಿಗೆ ಗುರುಪಾದ ಎದುರಿಗೆ ಕೂತು ಹಾಡಿದಷ್ಟು ಸ್ಪಷ್ಟವಾಗಿ ಹಾಡತೊಡಗಿದ. ನಡುವೆ ನಿಲ್ಲಿಸಿ ಕೆಮ್ಮಿದ. "ಶಾಂತಾ, ಒಂಚೂರು ನೀರು ಕೊಡ," ಎಂದ. ನಡುವಿನ ಸ್ಪೀಕರಿನ ಮೇಲೆ ಬೆರಳಿಟ್ಟೆ, ನಡುಗುತ್ತಿತ್ತು.

"ತಂದ್ನಿ, ತಡೀರಿ," ಎನ್ನುತ್ತ ಅಡುಗೆಮನೆಯಿಂದ ವೈನಿ ನೀರಿನ ತಂಬಿಗೆ ಹಿಡಿದು ಬಂದರು. ನನ್ನನ್ನು ಕಂಡು ಅಲ್ಲೇ ನಿಂತರು. ಅಷ್ಟರಲ್ಲಿ ಪೆಟ್ಟಿಗೆ ಮತ್ತೆ ಗುಂ ಗುಂ ಅನ್ನತೊಡಗಿತ್ತು.

ಆಮೇಲೆ ಎಲ್ಲ ವೈರು ಜೋಡಿಸಿ ಮೊದಲಿನಿಂದ ಹಾಕಿದೆ. ಹಾಡು, ಕೆಮ್ಮು, ನೀರು ಕೇಳಿದ್ದು, ಎಲ್ಲ ಕ್ಯಾಸೆಟ್ಟಿನಲ್ಲೇ ಇತ್ತು.

ಬಾಸಿನ ಸದ್ದನ್ನೇ ನಿನ್ನ ಮನಸ್ಸು ಹಾಡು ಮಾಡಿಕೊಂಡಿತು ಅನ್ನುತ್ತಾರೆ ತಿಳಿದವರು. ನನ್ನ ಮನಸ್ಸೇನೋ ಮಾಡಿಕೊಂಡಿತು ಅನ್ನೋಣ. ಗೋಡೆಯಾಚೆ ಒಗ್ಗರಣೆ ಹಾಕುತ್ತಿದ್ದ, ಕ್ಯಾಸೆಟ್ ಹಾಕಿದ್ದೇ ಗೊತ್ತಿಲ್ಲದ ಹೆಂಗಸಿಗೆ ಕೇಳಿಸಿದ್ದು ಹೇಗೆ? ಅದೇ ಪೆಟ್ಟಿಗೆಗೆ ಬಾಸ್ ಒಂದನ್ನೇ ಜೋಡಿಸಿ ಎಷ್ಟೋ ಸಲ ನೋಡಿದ್ದೇನೆ, ಒಂದಕ್ಷರವೂ ಬಿಡಿಸಿ ಕೇಳಿಸುವುದಿಲ್ಲ. ಬೇಕಾದವರು ಬಂದು ತಮ್ಮ ಕೈಯಾರೆ ಜೋಡಿಸಿ ನೋಡಲಿ.

ಅಂದು ಹೊರಡುವಾಗ ವೈನಿಗೆ ನಿಜ ಹೇಳಿಬಿಟ್ಟೆ. "ನೀವ ನೀರು ತಂದಾಗ ನಾ ಇನ್ನೂ ವೈರು ಹಾಕಿರಲಿಲ್ರಿ."

ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಇದ್ದಾಗೆಲ್ಲ ನಿಮ್ಮ ವೈರಿಗಿ ಕಾದ್ರು," ಎಂದರು. "ಇನ್ನೆಷ್ಟ ಕಾಯಬೇಕ್ರಿ ಅವರು?"